ಕೋಚ್ ಬದಲಾಯಿಸಿದ್ದಕ್ಕಲ್ಲ, ನವೆಂಬರಿನಲ್ಲಿ ಬದಲಾಯಿಸಿದ್ದಕ್ಕೆ ಸಿಟ್ಟು

2024-25ರ ಇಂಗ್ಲಿಷ್ ಫುಟ್‌ಬಾಲ್ ಸೀಸನ್ನಿನ ಕೊನೇ ಮ್ಯಾಚಿನಲ್ಲಿ ಆಸ್ಟನ್ ವಿಲ್ಲಾ ಮೇಲೆ 2-0 ಗೆದ್ದಿದ್ದೇ ತಡ, ಕುವೆಂಪುನಗರದ ನಮ್ಮ ಮ್ಯಾಂಚೆಸ್ಟರ್ ಯುನೈಟೆಡ್ ಹುಡುಗರ ಸ್ಟೇಟಸ್ ತುಂಬಾ ಕೆಂಪು ಹಾರ್ಟು. ‘ಮುಂದಿನ ಸೀಸನ್ ನಮ್ದೇ ಗುರು’ ಅಂತೆ. ಸ್ವಾಮಿ, ಪಾಯಿಂಟ್ಸ್ ಟೇಬಲ್ ಒಂದ್ಸಲ ಕೆಳಗಿಂದ ಓದ್ಕೊಂಡು ಬನ್ನಿ, ಬೇಗ ಸಿಗ್ತೀವಿ. 15ನೇ ಸ್ಥಾನ. 38 ಮ್ಯಾಚಿಗೆ 42 ಪಾಯಿಂಟು. 18 ಸೋಲು, ಅದರಲ್ಲಿ 9 ನಮ್ಮದೇ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ. ಪ್ರೀಮಿಯರ್ ಲೀಗ್ ಶುರುವಾದ ಮೇಲೆ ಮ್ಯಾಂಚೆಸ್ಟರ್ ಯುನೈಟೆಡ್ ಇಷ್ಟು ಕೆಳಗೆ ಇಳಿದೇ ಇರಲಿಲ್ಲ.

ಹಳೇ ಕೋಚ್ ಟೆನ್ ಹಾಗ್‌ನ ತೆಗೆದಿದ್ದಕ್ಕೆ ನನಗೇನೂ ಬೇಜಾರಿಲ್ಲ. ನಿಜ ಹೇಳಬೇಕಂದ್ರೆ ಖುಷಿಯೇ ಆಗಿತ್ತು. ತೆಗೆದ ಹೊತ್ತಿಗೆ ನನ್ನ ತಕರಾರು. 8ನೇ ಸ್ಥಾನಕ್ಕೆ ತಂದು ನಿಲ್ಲಿಸಿದವನನ್ನ 2024ರ ಮೇ ತಿಂಗಳಲ್ಲೇ ಕಳಿಸಬೇಕಿತ್ತು. ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನ ಸೋಲಿಸಿದ ಅಂತ ಕ್ಲಬ್ಬಿನ ದೊಡ್ಡವರ ಮನಸ್ಸು ಕರಗಿತು. ಜುಲೈನಲ್ಲಿ ಒಪ್ಪಂದವನ್ನ ಇನ್ನೊಂದು ವರ್ಷ ಎಳೆದರು. ಅಯಾಕ್ಸ್‌ನಲ್ಲಿ ಅವನ ಕೈಕೆಳಗೆ ಆಡಿದ್ದ ಡಿ ಲಿಕ್ಟ್, ಮಜ್ರೌಯಿ ಇಬ್ಬರನ್ನೂ ಬಯರ್ನ್‌ನಿಂದ ಕೊಂಡು ತಂದರು. ಅಕ್ಟೋಬರ್ 28ಕ್ಕೆ ಮನೆಗೆ ಕಳಿಸಿದರು. ಅವನಿಗೆ, ಅವನ ಸಹಾಯಕರಿಗೆ, ಬಂದ ಐದೇ ತಿಂಗಳಲ್ಲಿ ಹೊರಟುಹೋದ ನಿರ್ದೇಶಕ ಆಶ್‌ವರ್ತ್‌ಗೆ ಅಂತ ಕ್ಲಬ್ಬಿನ ಲೆಕ್ಕದಲ್ಲಿ ಕಂಡ ಖರ್ಚು 1.45 ಕೋಟಿ ಪೌಂಡ್. ನಮ್ಮ ದುಡ್ಡಲ್ಲಿ ನೂರೈವತ್ತು ಕೋಟಿಗೂ ಮೇಲೆ. ಬರೀ ಬೀಳ್ಕೊಡುಗೆಗೆ!

ಅವನ ಜಾಗಕ್ಕೆ ನವೆಂಬರಿನಲ್ಲಿ ತಂದಿದ್ದು ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಕೋಚ್ ಅಮೋರಿಮ್‌ನನ್ನ. ಸೀಸನ್ ಮುಗಿಸಿಕೊಂಡು ಬರ್ತೀನಿ ಅಂತ ಅವನು ಕೇಳಿಕೊಂಡಿದ್ದ. ಈಗ ಬಂದರೆ ಬಾ, ಇಲ್ಲದಿದ್ದರೆ ಇಲ್ಲ ಅಂದರು. ಅಂಬಾರಿ ಹೊತ್ತ ಆನೆ ಕೆ.ಆರ್. ಸರ್ಕಲ್ ದಾಟಿದ ಮೇಲೆ ಮಾವುತನನ್ನ ಇಳಿಸಿ, ಬೇರೆ ಭಾಷೆಯ ಇನ್ನೊಬ್ಬನನ್ನ ಹತ್ತಿಸಿದ ಹಾಗಾಯಿತು.

ಭಾಷೆ ಅಂದರೆ ಇಲ್ಲಿ 3-4-3, ಅಂದರೆ ಹಿಂದೆ ಮೂವರು, ಮಧ್ಯದ ಸಾಲಿನಲ್ಲಿ ನಾಲ್ವರು, ಮುಂದೆ ಮೂವರು. ಟೆನ್ ಹಾಗ್ ಆಡಿಸುತ್ತಿದ್ದದ್ದು 4-2-3-1. ಅದಕ್ಕೆ ಬೇಕಾದವರು ಗೆರೆ ಹಿಡಿದು ಓಡುವ ವಿಂಗರ್‌ಗಳು, ಹಾಗಾಗಿ ರ‍್ಯಾಶ್‌ಫರ್ಡ್, ಗರ್ನಾಚೊ, ಆಂಟನಿ ಅಂತ ಅಂಥವರೇ ತುಂಬಿದ್ದರು. ಅಮೋರಿಮ್ ಪದ್ಧತಿಯಲ್ಲಿ ವಿಂಗರ್‌ಗೆ ಜಾಗವೇ ಇಲ್ಲ. ಸ್ಟ್ರೈಕರ್ ಹಿಂದೆ ಇಬ್ಬರು ಒಳಗೇ ಆಡಬೇಕು, ಮೈದಾನದ ಅಂಚು ಪೂರ್ತಿ ವಿಂಗ್‌ಬ್ಯಾಕ್‌ನದು. ಚೆಂಡು ನಮ್ಮದಾದಾಗ ಎದುರಾಳಿ ಬಾಕ್ಸಿನ ತನಕ, ಅವರದಾದಾಗ ನಮ್ಮ ಬಾಕ್ಸಿನ ತನಕ, ತೊಂಬತ್ತು ನಿಮಿಷವೂ ಅದೇ ಓಟ. ಎಡಗಡೆ ಆ ಕೆಲಸಕ್ಕಿದ್ದ ಲ್ಯೂಕ್ ಶಾ, ಮಲಾಸಿಯಾ ಇಬ್ಬರೂ ಗಾಯದ ಗಿರಾಕಿಗಳು. ಸರಿ, ಬಲಗಾಲಿನ ಡಾಲೊನನ್ನ ಎಡಕ್ಕೆ ತಂದು ನಿಲ್ಲಿಸಿದರು. ಚೆಂಡು ಸಿಕ್ಕಾಗೆಲ್ಲ ಅವನು ನಿಂತು, ಒಳಕ್ಕೆ ತಿರುಗಿ, ಬಲಗಾಲಿಗೆ ಹಾಕಿಕೊಳ್ಳಬೇಕು. ಆ ಎರಡು ಸೆಕೆಂಡಿನಲ್ಲಿ ಎದುರಾಳಿ ತಂಡ ಹಿಂದಕ್ಕೆ ಬಂದು, ಸಾಲು ಕಟ್ಟಿ ನಿಂತಿರುತ್ತೆ. ಇಡೀ ಲೀಗಿನಲ್ಲಿ ನಮ್ಮ ಸ್ಟ್ರೈಕರ್‌ಗಳಾದ ಹೋಯ್ಲುಂಡ್ 4 ಗೋಲು, ಜಿರ್ಕ್‌ಜೀ 3 ಗೋಲು ಅಂತ ನಗ್ತೀರಲ್ಲ, ಅವರಿಗೆ ಅಂಚಿನಿಂದ ಗೋಲಿನ ಮುಂದಕ್ಕೆ ಕ್ರಾಸ್ ಎಲ್ಲಿಂದ ಬರಬೇಕಿತ್ತು ಅಂತಲೂ ಕೇಳಿ.

ಇನ್ನು ಆ ನಾಲ್ವರಲ್ಲಿ ಇಬ್ಬರು ವಿಂಗ್‌ಬ್ಯಾಕ್ ಆಗಿ ಅಂಚಿಗೆ ಹೋದರೆ ಮಧ್ಯದಲ್ಲಿ ಇಬ್ಬರೇ. ಎದುರಾಳಿ ಮೂವರನ್ನು ಇಳಿಸಿದರೆ ಒಬ್ಬ ಸದಾ ಖಾಲಿ ಸಿಗ್ತಾನೆ. ಅವನನ್ನ ತಡೆಯೋಕೆ ಮೂವರು ಸೆಂಟರ್ ಬ್ಯಾಕ್‌ಗಳಲ್ಲಿ ಒಬ್ಬ ಮುಂದಕ್ಕೆ ನುಗ್ಗಬೇಕು, ನುಗ್ಗಿದರೆ ಅವನ ಬೆನ್ನ ಹಿಂದೆ ಬಯಲು. ಡಿಸೆಂಬರ್ 30ರ ನ್ಯೂಕಾಸಲ್ ಮ್ಯಾಚ್ ನೋಡಿ. ನಡುವೆ ಕಸೆಮಿರೊ, ಎರಿಕ್ಸನ್. ಇಬ್ಬರೂ ಮೂವತ್ತೆರಡು ದಾಟಿದವರು. 19ನೇ ನಿಮಿಷಕ್ಕೆ ನ್ಯೂಕಾಸಲ್ 2-0 ಮುಂದೆ. 33ನೇ ನಿಮಿಷಕ್ಕೆ ಜಿರ್ಕ್‌ಜೀಯನ್ನ ಹೊರಗೆ ಕರೆದು, ಮಧ್ಯಕ್ಕೆ ಮೈನೂನನ್ನ ಇಳಿಸಬೇಕಾಯಿತು. ಪಾಪ ಜಿರ್ಕ್‌ಜೀ, ತನ್ನದಲ್ಲದ ಲೆಕ್ಕಕ್ಕೆ ಜನರ ಗೇಲಿ ಕೇಳಿಕೊಂಡು ಒಳಗೆ ನಡೆದ.

ಇದನ್ನೆಲ್ಲ ಪ್ರಾಕ್ಟೀಸಿನಲ್ಲಿ ಸರಿಮಾಡಬಹುದಲ್ಲಾ ಅಂತೀರಿ. ಯಾವಾಗ? ಮೂರ್ನಾಲ್ಕು ದಿನಕ್ಕೊಂದು ಮ್ಯಾಚು. ಮರುದಿನ ಆಟಗಾರರಿಗೆ ವಿಶ್ರಾಂತಿ, ಹಿಂದಿನ ದಿನ ಹಗುರ ಕಸರತ್ತು, ನಡುವೆ ಒಂದು ದಿನ ಉಳಿದರೆ ಅದರಲ್ಲಿ ಪ್ರಯಾಣ. ಯಾರು ಯಾವಾಗ ಯಾರ ಹಿಂದೆ ಓಡಬೇಕು ಅನ್ನೋದು ಕಾಲಿಗೆ ರೂಢಿಯಾಗೋಕೆ ಸೀಸನ್ನಿಗೆ ಮುಂಚಿನ ಜುಲೈ, ಆಗಸ್ಟ್ ಬೇಕು.

‘ಸ್ಪೋರ್ಟಿಂಗ್‌ನಲ್ಲಿ ಇದೇ 3-4-3 ಆಡಿಸಿ ಲೀಗ್ ಗೆದ್ದನಲ್ಲ?’ ಗೆದ್ದ, ಎರಡು ಸಲ. 2020ರ ಮಾರ್ಚ್‌ನಲ್ಲಿ ಅಲ್ಲಿಗೆ ಹೋದ, ಹೋದ ಕೂಡಲೇ ಕೋವಿಡ್‌ಗೆ ಲೀಗೇ ನಿಂತಿತು. ಗೆದ್ದದ್ದು ಮುಂದಿನ ಸೀಸನ್ನಿನಲ್ಲಿ, ಬಲಕ್ಕೆ ಪೆಡ್ರೊ ಪೊರೊ, ಎಡಕ್ಕೆ ನೂನೊ ಮೆಂಡೆಸ್ ಇಟ್ಟುಕೊಂಡು. ಅದೇ ಪೊರೊ 2025ರ ಮೇನಲ್ಲಿ ಬಿಲ್ಬಾವೊದಲ್ಲಿ ನಡೆದ ಯುರೋಪಾ ಲೀಗ್ ಫೈನಲ್‌ನಲ್ಲಿ ಟಾಟನ್‌ಹ್ಯಾಮ್ ಅಂಗಿ ಹಾಕಿಕೊಂಡು ನಮ್ಮ ಎದುರೇ ಆಡಿದ. ಲೀಗಿನಲ್ಲಿ 17ನೇ ಸ್ಥಾನದಲ್ಲಿ ಮುಗಿಸಿದ ತಂಡ ಒಂದೇ ಸೀಸನ್ನಿನಲ್ಲಿ ನಮ್ಮನ್ನ ನಾಲ್ಕು ಸಲ ಸೋಲಿಸಿತು. ಮಧ್ಯರಾತ್ರಿ ಹನ್ನೆರಡೂವರೆಗೆ ಎದ್ದು ಕೂತಿದ್ದು ಇದನ್ನ ನೋಡೋಕಾ?

ಇನ್ನು ನಮ್ಮ ಹಳೇ ಕಾಲದ ಕೋಚ್ ಫರ್ಗುಸನ್ ಹೆಸರು ತೆಗೆಯೋರು. ‘ಅವನೂ ನವೆಂಬರಿನಲ್ಲೇ ಬಂದಿದ್ದು.’ ಹೌದು, 1986ರ ನವೆಂಬರ್. ಬಂದಾಗ 21ನೇ ಸ್ಥಾನ, ಅದೇ ಸೀಸನ್ ಮುಗಿಸಿದ್ದು 11ರಲ್ಲಿ. ಇಲ್ಲಿ ಟೆನ್ ಹಾಗ್ ಹೋದಾಗ 14, ಸೀಸನ್ ಮುಗಿದಾಗ 15. ಆ ಸೀಸನ್ನಿನಲ್ಲಿ ಅಮೋರಿಮ್ ಲೀಗಿನಲ್ಲಿ ಆಡಿಸಿದ್ದು 27 ಮ್ಯಾಚು, ತಂದಿದ್ದು 27 ಪಾಯಿಂಟು. ಹೋಲಿಸೋಕೂ ಒಂದು ಮಿತಿ ಬೇಡ್ವಾ!

ಹಾಗಂತ 2025ರ ಮೇನಲ್ಲಿ ಇವನನ್ನೂ ಓಡಿಸಿ ಅಂದಾಗ ನನಗೆ ಇನ್ನೂ ಉರಿಯಿತು. ಮುಂದಿನ ಸೀಸನ್ನಿಗೆ ಯುರೋಪ್ ಪಂದ್ಯಗಳಿರಲಿಲ್ಲ, ವಾರವಿಡೀ ಪ್ರಾಕ್ಟೀಸಿಗೆ ಸಿಗುತ್ತಿತ್ತು. ಫೆಬ್ರವರಿ ಶುರುವಿನಲ್ಲಿ ಇಟಲಿಯ ಲೆಚ್ಚೆಯಿಂದ ಎಡಗಾಲಿನ ವಿಂಗ್‌ಬ್ಯಾಕ್ ಡೋರ್ಗುನನ್ನ ತಂದಿದ್ದರು, ಅರ್ಧ ಸಮಸ್ಯೆಗೆ ಕೈ ಹಾಕಿದ ಹಾಗಾಗಿತ್ತು. ವೂಲ್ವ್ಸ್‌ನ ಕುನ್ಯಾ ಬರ್ತಾನೆ ಅಂತ ಆಗ ಸುದ್ದಿ ಇತ್ತು. ಒಳ್ಳೇ ಆಟಗಾರ, ಬರಲಿ ಅಂದುಕೊಂಡೆ. ಆದರೆ ಅವನು ಆಡೋದು ಸ್ಟ್ರೈಕರ್ ಹಿಂದಿನ ಜಾಗದಲ್ಲಿ, ಅಲ್ಲಿ ಬ್ರೂನೊ ಇದ್ದ, ಅಮಾದ್ ಇದ್ದ. ನಡುವೆ ಓಡೋಕೆ ಯಾರಿದ್ರಪ್ಪಾ? ಕಸೆಮಿರೊನೇನಾ?