ರಿಟರ್ನ್ ಲೋಡ್ ಲೆಕ್ಕ ಮ್ಯಾಪ್‌ನಲ್ಲಿ ಮುಗಿಯಲ್ಲ

ಮಾಲು ಇಳಿಸಲು ಹೋದ ಗಾಡಿ ಖಾಲಿ ವಾಪಸ್ ಬರುತ್ತದೆ. ದಾರಿಯಲ್ಲಿರುವ ಪಿಕಪ್‌ಗಳನ್ನೂ ಅದರಲ್ಲೇ ಹಾಕಿಕೊಂಡು ಬಂದರೆ ಇನ್ನೊಂದು ಗಾಡಿಯ ಡೀಸೆಲ್ ಉಳಿಯುತ್ತದೆ, ಅಲ್ವಾ? ಈ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಒಪ್ಪಿದ ಕೂಡಲೇ ಎಲ್ಲರೂ ಮ್ಯಾಪ್ ತೆರೆದು ಕಿಲೋಮೀಟರ್ ಎಣಿಸಲು ಕೂರುತ್ತಾರೆ ನೋಡಿ, ನನ್ನ ತಕರಾರು ಅಲ್ಲಿ. ಡೆಲಿವರಿ, ಪಿಕಪ್ ಒಂದೇ ಟ್ರಿಪ್‌ಗೆ ಸೇರಿದ ಮೇಲೆ ಮೊದಲು ನೋಡಬೇಕಾದದ್ದು ಯಾವ ಸ್ಟಾಪ್‌ನಲ್ಲಿ ಗಾಡಿಯೊಳಗೆ ಎಷ್ಟು ಜಾಗ ಇರುತ್ತದೆ ಅನ್ನೋದು. ದೂರ ಆಮೇಲೆ.

ಒಂದು ಸಣ್ಣ ಲೆಕ್ಕ ಹಾಕೋಣ. ಗಾಡಿಗೆ 10 ಪೆಟ್ಟಿಗೆ ಹಿಡಿಯುತ್ತದೆ. ಮೂರು ಸ್ಟಾಪ್. ‘ಅ’ದಲ್ಲಿ 1 ಇಳಿಸಿ 6 ಹತ್ತಿಸಬೇಕು. ‘ಬ’ದಲ್ಲಿ 6 ಇಳಿಸಿ 1 ಹತ್ತಿಸಬೇಕು. ‘ಕ’ದಲ್ಲಿ 3 ಇಳಿಸಿ 3 ಹತ್ತಿಸಬೇಕು. ಇಳಿಸುವುದು ಒಟ್ಟು 10, ಹತ್ತಿಸುವುದೂ 10. ಎಕ್ಸೆಲ್ ಶೀಟ್ ಪ್ರಕಾರ ಎಲ್ಲ ಸರಿ. ಆದರೆ ಮೊದಲು ‘ಅ’ಗೆ ಹೋದರೆ? 10ರಲ್ಲಿ 1 ಇಳಿಯಿತು, 6 ಬಂತು, ಒಟ್ಟು 15. ಐದು ಪೆಟ್ಟಿಗೆಗೆ ಜಾಗವೇ ಇಲ್ಲ. ಅದೇ ಬ, ಕ, ಅ ಅಂತ ಹೋದರೆ ಲೋಡ್ 5, 5, 10. ಆರಾಮಾಗಿ ಮುಗಿಯುತ್ತದೆ. ಅದೇ ದಾರಿಯನ್ನು ತಿರುಗಿಸಿ ಅ, ಕ, ಬ ಅಂತ ಓಡಿಸಿ. ದೂರ ಒಂದು ಮೀಟರ್ ಕೂಡ ಬದಲಾಗಿಲ್ಲ, ಆದರೆ ಟ್ರಿಪ್ ಮೊದಲ ಸ್ಟಾಪ್‌ನಲ್ಲೇ ಕೆಟ್ಟಿತು. ಇರುವ ಆರು ಕ್ರಮಗಳಲ್ಲಿ ‘ಬ’ ಮುಗಿಸಿ ‘ಅ’ಗೆ ಹೋಗುವ ಮೂರು ಮಾತ್ರ ನಡೆಯುತ್ತವೆ. ಮ್ಯಾಪ್ ಇದನ್ನು ಹೇಳುವುದಿಲ್ಲ.

ಬರೀ ಡೆಲಿವರಿ ಇದ್ದರೆ ಈ ತಲೆನೋವಿಲ್ಲ. 1959ರಲ್ಲಿ ಡಾಂಟ್ಜಿಗ್ ಮತ್ತು ರಾಮ್ಸರ್ ಎಂಬ ಸಂಶೋಧಕರು ಗಾಡಿಗಳಿಗೆ ರೂಟ್ ಹಾಕುವ ಲೆಕ್ಕದ ಮೊದಲ ಪ್ರಸಿದ್ಧ ಲೇಖನ ಬರೆದಾಗ ಅವರ ಮುಂದೆ ಇದ್ದದ್ದು ಬಂಕ್‌ಗಳಿಗೆ ಪೆಟ್ರೋಲ್ ಒಯ್ಯುವ ಲಾರಿಗಳು. ಹೊರಡುವಾಗ ತುಂಬಿರುತ್ತದೆ, ಆಮೇಲೆ ಕಡಿಮೆ ಆಗುತ್ತಾ ಹೋಗುತ್ತದೆ ಅಷ್ಟೇ. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಎರಡು ಬೇರೆ ಟ್ರಿಪ್ ಸೇರಿಸಿದರೆ ಎಷ್ಟು ಉಳಿತಾಯ ಅಂತ ನೋಡುವ ಸರಳ ವಿಧಾನ ಕೊಟ್ಟರು. ಅದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಒಂದೇ ಸ್ಟಾಪ್‌ನಲ್ಲಿ ಇಳಿಸುವುದೂ ಹತ್ತಿಸುವುದೂ ಇರುವ ಲೆಕ್ಕವನ್ನು 1989ರಲ್ಲಿ ಹೋಕಿ ಮಿನ್ ಎತ್ತಿಕೊಂಡರು. ಅದು ಗ್ರಂಥಾಲಯದ ಶಾಖೆಗಳಿಗೆ ಪುಸ್ತಕ ಕೊಟ್ಟು, ವಾಪಸ್ ಪುಸ್ತಕ ತರುವ ಗಾಡಿಗಳ ಕಥೆ. (ಲಾರಿ ಲೆಕ್ಕಕ್ಕೂ ಪುಸ್ತಕಕ್ಕೂ ಇರುವ ಈ ನಂಟು ನನಗೆ ತುಂಬಾ ಇಷ್ಟ.)

ಇಷ್ಟು ಹೇಳಿದರೂ ಇನ್ನೂ ಪೆಟ್ಟಿಗೆ ಎಣಿಸಿದ್ದು ಮಾತ್ರ. ಗಾಡಿಗೆ ಬಾಗಿಲು ಇರುವುದು ಹಿಂದೆ. ಮೊದಲ ಸ್ಟಾಪ್‌ನಲ್ಲಿ ಹತ್ತಿಸಿದ ಮಾಲು ಬಾಗಿಲ ಹತ್ತಿರ ಕೂರುತ್ತದೆ. ಮುಂದಿನ ಸ್ಟಾಪ್‌ಗೆ ಕೊಡಬೇಕಾದದ್ದು ಅದರ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನೆಲ್ಲ ಇಳಿಸಿ, ಬೇಕಾದದ್ದು ತೆಗೆದು, ಮತ್ತೆ ಹತ್ತಿಸಬೇಕು. ಈ ಕೆಲಸ ಡ್ರೈವರ್ ಮತ್ತು ಹಮಾಲರ ಬೆನ್ನ ಮೇಲೆ ಬೀಳುತ್ತದೆ, ರಿಪೋರ್ಟ್‌ನಲ್ಲಿ ಮಾತ್ರ ಕಾಣುವುದಿಲ್ಲ. ಮೊದಲು ಎಲ್ಲ ಇಳಿಸಿ, ಆಮೇಲಷ್ಟೇ ಪಿಕಪ್ ಅನ್ನುವ ಹಳೇ ಪದ್ಧತಿ ಸುಮ್ನೆ ಬಂದದ್ದಲ್ಲ. ಅದರಿಂದ ನಾಲ್ಕು ಕಿಲೋಮೀಟರ್ ಜಾಸ್ತಿ ಆಗಬಹುದು. ಪಕ್ಕದಲ್ಲೂ ಬಾಗಿಲು ಇರುವ ಗಾಡಿ ಇಲ್ಲದಿದ್ದರೆ ನಾನು ಅದಕ್ಕೇ ಓಟು ಹಾಕುತ್ತೇನೆ.

ತೂಕ ಬೇರೆ, ಜಾಗ ಬೇರೆ ಅನ್ನುವುದೂ ಇದೆ. ತುಂಬಿದ ನೀರಿನ ಕ್ಯಾನ್ ಕೊಟ್ಟು ಖಾಲಿ ಕ್ಯಾನ್ ತಂದರೆ ತೂಕ ಇಳಿಯುತ್ತದೆ, ಜಾಗ ಇಳಿಯುವುದಿಲ್ಲ.

ಕಂಪ್ಯೂಟರ್ ಎಲ್ಲ ನೋಡಿಕೊಳ್ಳುತ್ತದೆ ಅನ್ನುವವರಿಗೆ ಒಂದು ಮಾತು. 10 ಸ್ಟಾಪ್‌ಗಳನ್ನು 36,28,800 ಕ್ರಮಗಳಲ್ಲಿ ಜೋಡಿಸಬಹುದು. ಸ್ಟಾಪ್ ಹೆಚ್ಚಾದರೆ ಎಲ್ಲವನ್ನೂ ಒಂದೊಂದಾಗಿ ನೋಡುತ್ತಾ ಕೂರಲು ಯಾವ ಯಂತ್ರಕ್ಕೂ ಆಗುವುದಿಲ್ಲ. ಹಾಗಾಗಿ ಒಳ್ಳೆಯ ಪ್ರೋಗ್ರಾಂಗಳು ಒಂದು ಸುಮಾರಾದ ರೂಟ್ ಹಿಡಿದು, ಕೆಲವು ಸ್ಟಾಪ್ ಕಿತ್ತು, ಬೇರೆ ಕಡೆ ಸೇರಿಸಿ ನೋಡುತ್ತವೆ. 2006ರಲ್ಲಿ ರೋಪ್ಕೆ ಮತ್ತು ಪಿಸಿಂಜರ್ ಪಿಕಪ್ ಇರುವ ರೂಟ್‌ಗಳಿಗೆ ಇದೇ ದಾರಿಯಲ್ಲಿ ಒಳ್ಳೇ ಫಲ ತೋರಿಸಿದರು. ಇಂಥ ರೂಟ್ ಲೆಕ್ಕ ಹಾಕುವ ಗೂಗಲ್‌ನ ಓಆರ್-ಟೂಲ್ಸ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಕೊನೆಗೆ ಹತ್ತಿಸಿದ್ದನ್ನೇ ಮೊದಲು ಇಳಿಸಬೇಕು ಅನ್ನುವ ಶರತ್ತನ್ನೂ ಅದಕ್ಕೆ ಹೇಳಬಹುದು. ಆದರೆ ನಾವು ಹೇಳಬೇಕು. ಗಾಡಿಗೆ ಬಾಗಿಲು ಎಲ್ಲಿದೆ ಅಂತ ಅದು ತಾನಾಗಿ ಕೇಳುವುದಿಲ್ಲ.

ಪಿಕಪ್‌ನದ್ದು ಇನ್ನೊಂದು ಕಾಟ ಇದೆ. ಎಷ್ಟು ಕೊಡಬೇಕು ಅಂತ ಗೋದಾಮಿನಲ್ಲೇ ಗೊತ್ತಿರುತ್ತದೆ. ಎಷ್ಟು ಹತ್ತುತ್ತದೆ ಅನ್ನುವುದು ಅಲ್ಲಿಗೆ ಹೋದ ಮೇಲೆ ತಿಳಿಯುತ್ತದೆ. ಮೂರು ಅಂದವರು ಐದು ತಂದು ಇಡುತ್ತಾರೆ. ಅದಕ್ಕೇ ಲೆಕ್ಕ ಹೇಳಿದಷ್ಟನ್ನೂ ತುಂಬದೆ ಸ್ವಲ್ಪ ಜಾಗ ಬಿಡಬೇಕು, ಪಿಕಪ್ ಎಷ್ಟು ಅಂತ ನಂಬಲಾಗದ ಸ್ಟಾಪ್‌ಗಳನ್ನು ಕೊನೆಗೆ ತಳ್ಳಬೇಕು. ಆಫೀಸಿನವರಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ, ಅದು ಗೊತ್ತು. ಗಾಡಿ ಓಡಿಸುವವರು, ಲೋಡ್ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳಿ: ನೀವು ಎಷ್ಟು ಜಾಗ ಬಿಟ್ಟುಕೊಳ್ಳುತ್ತೀರಿ?