ಸಮಾಜದ ಕಟ್ಟಡ ಉಳಿಯಬೇಕೇ? ಸಂಜೆ ಹೊತ್ತು ಬಾಗಿಲು ತೆಗೆಯಿರಿ

ಮುಂದಿನ ತಿಂಗಳು ನಮ್ಮ ಮಹಿಳಾ ಸಮಾಜದ ಸರ್ವಸದಸ್ಯರ ಸಭೆ ಇದೆ. ಈ ಸಲ ನೋಟಿಸಿನಲ್ಲಿ ಒಂದು ಸಾಲು ಜಾಸ್ತಿ ಇದೆ: "ಕಟ್ಟಡದ ಮುಂದಿನ ವಿಚಾರ". ಏನು ವಿಚಾರ ಅಂತ ಸದಸ್ಯರಿಗೆಲ್ಲ ಗೊತ್ತು. ಒಬ್ಬ ಬಿಲ್ಡರ್ ಬಂದಿದ್ದಾರೆ. ಹಳೇ ಕಟ್ಟಡ ಕೆಡವಿ ಹೊಸದಾಗಿ ಮಹಡಿ ಮೇಲೆ ಮಹಡಿ ಕಟ್ಟುತ್ತಾರಂತೆ. ಅದರಲ್ಲಿ ಒಂದು ಮಹಡಿ ಸಮಾಜಕ್ಕೆ, ಉಳಿದದ್ದು ಅವರಿಗೆ. ಲಿಫ್ಟ್ ಇರುತ್ತದೆ, ಎಸಿ ಹಾಲ್ ಇರುತ್ತದೆ, ಕೆಳಗೆ ಕಾರ್ ನಿಲ್ಲಿಸಬಹುದು.

ನಾನು ಇದಕ್ಕೆ ಬೇಡ ಅಂತಲೇ ಕೈ ಎತ್ತುತ್ತೇನೆ. ಆದರೆ "ಪಾರಂಪರಿಕ ಕಟ್ಟಡ, ಯಾರೂ ಮುಟ್ಟಬೇಡಿ" ಅನ್ನುವವರ ಜೊತೆಗೂ ನಾನಿಲ್ಲ. ಮುಟ್ಟದೇ ಬಿಟ್ಟಿದ್ದರಿಂದಲೇ ಅಲ್ವಾ ಈ ಗತಿ ಬಂದಿರುವುದು? ವಾರದಲ್ಲಿ ಹೆಚ್ಚು ಹೊತ್ತು ಬೀಗ ಹಾಕಿರುವ ಮನೆ ಅದು. ಬೀಗ ಹಾಕಿದ ಮನೆಯಲ್ಲಿ ಸೋರುವುದು ಕಾಣಿಸುವುದಿಲ್ಲ, ಗೆದ್ದಲು ಹತ್ತಿದ್ದು ಕಾಣಿಸುವುದಿಲ್ಲ. ಕಂಡಾಗ ಖರ್ಚು ನಮ್ಮ ಕೈ ಮೀರಿರುತ್ತದೆ. ಸಭೆಯಲ್ಲಿ ಒಬ್ಬೊಬ್ಬರಿಗೆ ಸಿಗುವ ಎರಡು ನಿಮಿಷದಲ್ಲಿ ಇದನ್ನೆಲ್ಲ ಹೇಳಲು ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಟ್ಟಡ ನೋಡದವರಿಗೆ ಸ್ವಲ್ಪ ಹೇಳಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರದ ಕಡೆ ಬಂದು ಮನೆ ಕಟ್ಟಿಕೊಂಡರು. ಅಗಲ ರಸ್ತೆ, ಮನೆ ಸುತ್ತ ಜಾಗ, ಗಾಳಿ ಬೆಳಕು. ನಮ್ಮ ಸಮಾಜದ ಕಟ್ಟಡವೂ ಆ ತರಹದ್ದೇ. ಗಾಂಧಿ ಬಜಾರಿನಿಂದ ನಡೆದು ಬರುವಷ್ಟು ಹತ್ತಿರ. ಮುಂದೆ ಜಗಲಿ, ಅದಕ್ಕೆ ಮರದ ಜಾಲರಿ. ಮೇಲೆ ಮಂಗಳೂರು ಹೆಂಚು. ಗಾರೆಯ ದಪ್ಪ ಗೋಡೆ. ಒಳಗೆ ಒಂದು ದೊಡ್ಡ ಹಾಲ್, ಕೆಂಪು ರೆಡ್ ಆಕ್ಸೈಡ್ ನೆಲ. ಏಪ್ರಿಲ್ ಮಧ್ಯಾಹ್ನ ಫ್ಯಾನ್ ಇಲ್ಲದೆ ಅಲ್ಲಿ ಕೂತುಕೊಳ್ಳಬಹುದು. ಹಿಂದೆ ಅಡುಗೆಮನೆ, ಬಾವಿ, ಒಂದು ಹಲಸಿನ ಮರ.

ಇಂಥ ಜಾಗಗಳು ಸುಮ್ನೆ ಹುಟ್ಟಿದ್ದಲ್ಲ. ದಂಡಿನ ಸೈನ್ಯಾಧಿಕಾರಿಗಳಿಗೆ 1868ರಿಂದಲೇ ಕ್ಲಬ್ ಇತ್ತು, ಅದೇ ಇವತ್ತಿನ ಬೆಂಗಳೂರು ಕ್ಲಬ್. 1917ರಲ್ಲಿ ವಿಶ್ವೇಶ್ವರಯ್ಯನವರು ಸೆಂಚುರಿ ಕ್ಲಬ್ ಶುರು ಮಾಡಿಸಿದರು. ಊರಿನ ಗಂಡಸರಿಗೆ ಹೀಗೆ ಒಂದೊಂದಾಗಿ ಜಾಗಗಳಾದವು. ಹೆಂಗಸರಿಗೆ? ದೇವಸ್ಥಾನ, ನೀರಿನ ನಲ್ಲಿ, ಮದುವೆಮನೆ. ಮನೆಯಿಂದ ಹೊರಗೆ, ಗಂಡಸರ ಅಪ್ಪಣೆ ಇಲ್ಲದೆ ಎರಡು ಗಂಟೆ ಕೂರಲು ಒಂದು ಸೂರು ಇರಲಿಲ್ಲ. ಅದನ್ನು ಅವರೇ ಕಟ್ಟಿಕೊಂಡರು. ಬೆಂಗಳೂರಿನ ಮಹಿಳಾ ಸೇವಾ ಸಮಾಜ 1913ರದ್ದು. ಆರ್. ಕಲ್ಯಾಣಮ್ಮನವರನ್ನು ನೋಡಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಹೆಂಗಸರಿಗಾಗಿ ಸಮಾಜ ಕಟ್ಟಿದರು, "ಸರಸ್ವತಿ" ಅನ್ನುವ ಪತ್ರಿಕೆಯನ್ನು ವರ್ಷಗಟ್ಟಲೆ ನಡೆಸಿದರು. 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಶುರು ಮಾಡಿದರು. ಆ ಕಾಲದಲ್ಲಿ ಒಬ್ಬ ವಿಧವೆ ಜಾಗ ಕೇಳಿ, ದುಡ್ಡು ಎತ್ತಿ, ಸಂಸ್ಥೆ ನಡೆಸುವುದು ಅಂದರೆ ಎಷ್ಟು ಬಾಗಿಲು ತಟ್ಟಿರಬೇಕು, ಎಷ್ಟು ಮಾತು ಕೇಳಿರಬೇಕು.

ಇನ್ನೊಂದು ವಿಷಯ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಬಗ್ಗೆ ಮೈಸೂರು ಸಂಸ್ಥಾನ 1933ರಲ್ಲೇ ಕಾನೂನು ಮಾಡಿತು. ಬ್ರಿಟಿಷರ ಕೈಯಲ್ಲಿದ್ದ ಭಾರತದಲ್ಲಿ ಅಂಥದೊಂದು ಕಾನೂನು ಬಂದದ್ದು 1937ರಲ್ಲಿ. ಅಂದರೆ ಹೆಂಗಸಿನ ಹೆಸರಲ್ಲಿ ಆಸ್ತಿ ಇರುವುದೇ ಅಪರೂಪವಾಗಿದ್ದ ಕಾಲದಲ್ಲಿ, ಹೆಂಗಸರೆಲ್ಲ ಸೇರಿ ತಮ್ಮ ಸಮಾಜಕ್ಕೆ ಅಂತ ಒಂದು ಕಟ್ಟಡ ಮಾಡಿಕೊಂಡಿದ್ದರು. ನಾಲ್ಕು ಮಹಡಿಯಲ್ಲಿ ಒಂದು ಮಹಡಿ ತಗೊಂಡು ಕೈತೊಳೆದುಕೊಳ್ಳೋಣ ಅನ್ನುವವರು ಇದನ್ನು ಒಂದು ಸಲ ಯೋಚಿಸಬೇಕು. ನೆಲ ನಮ್ಮದಾಗಿದ್ದರೆ ಮಾತು ನಮ್ಮದು. ಒಂದು ಮಹಡಿ ಮಾತ್ರ ನಮ್ಮದಾದರೆ, ಭಜನೆ ಜೋರಾಯಿತು ಅಂತ ಮೇಲಿನ ಆಫೀಸಿನವರು ಮೊದಲ ವರ್ಷವೇ ದೂರು ಕೊಡುತ್ತಾರೆ.

ಈಗ ದುರಸ್ತಿಯ ಮಾತು. ಇಲ್ಲೇ ನನಗೆ ಹೆಚ್ಚು ಸಂಕಟ.

ಸ್ಟೋರ್ ರೂಮಿನ ಬೀರುವಿನಲ್ಲಿ ಸಮಾಜದ ಹಳೇ ನಡಾವಳಿ ಪುಸ್ತಕಗಳಿವೆ. ದುಂಡು ಅಕ್ಷರ, ಮಸಿ ಮಾಸಿದೆ. ಹಾರ್ಮೋನಿಯಂ ತಗೊಂಡದ್ದು, ಹೊಲಿಗೆ ಮಿಷನ್ ರಿಪೇರಿ, ದಸರಾ ಗೊಂಬೆ ಕೂರಿಸಲು ಮರದ ಹಲಗೆ, ಹಿಂದಿ ಪಂಡಿತರ ಸಂಬಳ, ಎಲ್ಲ ಇದೆ. ಅದರ ನಡುವೆ ವರ್ಷವರ್ಷವೂ ಬರುವ ಒಂದು ಖರ್ಚು: ಮಳೆಗೆ ಮುಂಚೆ ಹೆಂಚು ಕೈಯಾಡಿಸಿದ್ದು, ಗೋಡೆಗೆ ಸುಣ್ಣ ಹೊಡೆಸಿದ್ದು. ದೊಡ್ಡ ಮೊತ್ತವೇನಲ್ಲ. ಆದರೆ ತಪ್ಪುವುದಿಲ್ಲ. ಮುಂದೆ ಬರುತ್ತಾ ಬರುತ್ತಾ ಆ ಸಾಲು ಎರಡು ವರ್ಷಕ್ಕೊಮ್ಮೆ ಆಗುತ್ತದೆ, ಆಮೇಲೆ ಕಾಣಿಸುವುದೇ ಇಲ್ಲ. ಅದು ನಿಂತ ಸ್ವಲ್ಪ ವರ್ಷಕ್ಕೆ "ಛಾವಣಿ ದುರಸ್ತಿಗೆ ವಿಶೇಷ ದೇಣಿಗೆ" ಅನ್ನುವುದು ಶುರುವಾಗುತ್ತದೆ.

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಹೇಳಬೇಕಾಗಿಲ್ಲ. ಒಂದು ಹೆಂಚು ಒಡೆದರೆ ಅಥವಾ ಜರುಗಿದರೆ ನೀರು ಇಳಿಯುವುದು ರೀಪರಿನ ಮೇಲೆ, ಅಂದರೆ ಹೆಂಚು ಕೂರಿಸುವ ಮರದ ಪಟ್ಟಿಯ ಮೇಲೆ. ರೀಪರು ಕೊಳೆತರೆ ಪಕ್ಕದ ಹೆಂಚುಗಳೂ ಕೂತುಕೊಳ್ಳುತ್ತವೆ. ಆಮೇಲೆ ತೊಲೆ. ಎರಡು ಇಳಿಜಾರು ಸೇರುವ ಕಡೆ ತಗಡಿನ ದೋಣಿ ಇರುತ್ತದಲ್ಲ, ಅದರಲ್ಲಿ ಎಲೆ ತುಂಬಿದರೆ ನೀರು ಹಿಂದಕ್ಕೆ ನುಗ್ಗಿ ಗೋಡೆಯೊಳಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು ಮಳೆ. ಅಂದರೆ ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಸಲ, ಆಗಸ್ಟ್ ಕೊನೆಗೆ ಇನ್ನೊಂದು ಸಲ ಯಾರಾದರೂ ಏಣಿ ಹಾಕಿ ಮೇಲೆ ಹತ್ತಿ ನೋಡಿದರೆ ಸಾಕು. ಇಷ್ಟೇ ಕೆಲಸ. ಗೋಡೆ ತಲೆಯಲ್ಲಿ ಅರಳಿ ಸಸಿ ಹುಟ್ಟಿದ್ದರೆ ಎರಡೆಲೆ ಇರುವಾಗಲೇ ಬೇರು ಸಮೇತ ಕಿತ್ತರೆ ಹತ್ತು ನಿಮಿಷ. ಬೆಳೆಯಲು ಬಿಟ್ಟರೆ ಗೋಡೆಯನ್ನೇ ಬಿಚ್ಚಬೇಕಾಗುತ್ತದೆ.

ಕೆಲವು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರಿಗೆ ಗೋಡೆ ಕೆಲಸ ಕೊಟ್ಟರು. ಅವರು ಹಳೇ ಗಾರೆ ಕೆರೆದು ಸಿಮೆಂಟ್ ಮೆತ್ತಿದರು. ಮೇಲೆ ಹೊಳೆಯುವ ಪೇಂಟ್. ಉದ್ಘಾಟನೆ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ಮಳೆಗಾಲ ಕಳೆಯುವುದರೊಳಗೆ ಪೇಂಟ್ ಗುಳ್ಳೆ ಎದ್ದು, ಒಳಗಿಂದ ಬಿಳಿ ಉಪ್ಪು ಉದುರತೊಡಗಿತು. ಕಾರಣ ಸರಳ. ಗಾರೆ ಗೋಡೆ ನೆಲದಿಂದ ಸ್ವಲ್ಪ ತೇವ ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಅದನ್ನು ಹೊರಗೆ ಬಿಟ್ಟುಬಿಡುತ್ತದೆ. ಸಿಮೆಂಟ್ ಮೆತ್ತಿದರೆ ತೇವ ಹೊರಗೆ ಹೋಗಲು ದಾರಿ ಇಲ್ಲ. ಒಳಗೇ ಉಳಿದು ಇಟ್ಟಿಗೆಯನ್ನು ತಿನ್ನುತ್ತದೆ. ಹಳಬರು ಸುಣ್ಣ, ಮರಳು, ಇಟ್ಟಿಗೆ ಪುಡಿ ಹಾಕಿ, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ, ದಿನಗಟ್ಟಲೆ ಕೊಳೆಹಾಕಿ ಅರೆದು ಗಾರೆ ಮಾಡುತ್ತಿದ್ದರು. ಆ ಕೆಲಸ ಬಲ್ಲವರು ಈಗಲೂ ಇದ್ದಾರೆ. ಹಳೇ ಕಟ್ಟಡಗಳ ವಿಷಯದಲ್ಲಿ, ಪಾರಂಪರಿಕ ಕಟ್ಟಡ ಉಳಿಸುವ ಕೆಲಸ ಮಾಡುವ ಇಂಟಾಕ್ ಸಂಸ್ಥೆಯ ಬೆಂಗಳೂರು ಶಾಖೆಯವರನ್ನು ಕೇಳಬಹುದು. ಕೊಟೇಶನ್ ಕರೆಯುವ ಮುಂಚೆ ಒಂದು ಫೋನ್ ಮಾಡಿ ಅನ್ನುವುದೇ ನನ್ನ ಬೇಡಿಕೆ.

ಲಾಲ್‌ಬಾಗಿನ ಕ್ರುಂಬಿಗಲ್ ಹಾಲ್ ನೆನಪಿದೆಯಾ? ಎಷ್ಟೋ ವರ್ಷ ಬೀಳುವ ಸ್ಥಿತಿಯಲ್ಲೇ ಇತ್ತು. ದುರಸ್ತಿ ಮಾಡಿ ಅಂತ ಜನ ಹೇಳುತ್ತಲೇ ಇದ್ದರು. 2017ರಲ್ಲಿ ಕುಸಿಯಿತು. ಸರ್ಕಾರದ ತೋಟದ ಒಳಗೆ, ದಿನವೂ ಸಾವಿರಾರು ಜನ ಓಡಾಡುವ ಕಡೆ ಇದ್ದ ಕಟ್ಟಡದ ಕಥೆ ಇದು. ನಮ್ಮದು ಸಂದಿಯೊಳಗಿನ ಹೆಂಚಿನ ಮನೆ. ನಾವೇ ನೋಡಿಕೊಳ್ಳದಿದ್ದರೆ ಬೇರೆ ಯಾರು ನೋಡುತ್ತಾರೆ?

ದುಡ್ಡು ಎಲ್ಲಿಂದ ಅಂತ ಖಜಾಂಚಿಯವರು ಕೇಳುತ್ತಾರೆ. ಕೇಳಲೇಬೇಕು, ಅದು ಅವರ ಕೆಲಸ. ಈಗ ನಮ್ಮ ತಿಂಗಳ ಚಂದಾ ಒಂದು ಮಸಾಲೆ ದೋಸೆ, ಕಾಫಿಗೂ ಸಾಲುವುದಿಲ್ಲ. ಅದನ್ನು ಏರಿಸಬೇಕು. ಕೊಡಲಾಗದ ಹಿರಿಯರಿಗೆ ಬಿಟ್ಟುಕೊಡಬೇಕು, ಯಾರು ಅಂತ ಹೆಸರು ಹೇಳದೆ. ಹಾಲ್ ಬಾಡಿಗೆ, ಸೀರೆ ಮೇಳದ ಬಾಡಿಗೆ ಬಂದರೆ ಅದರ ಒಂದು ಪಾಲು ದುರಸ್ತಿ ಖಾತೆಗೆ ನೇರ ಹೋಗಬೇಕು. ಬೇರೆಯದೇ ಖಾತೆ. ವಾರ್ಷಿಕೋತ್ಸವದ ಶಾಮಿಯಾನಕ್ಕೆ, ಶಾಲು ಹಾರಕ್ಕೆ ಅದರಿಂದ ಒಂದು ರೂಪಾಯಿ ತೆಗೆಯುವ ಹಾಗಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರದ್ದು, ಅದರ ಪ್ರಕಾರ ವರ್ಷವರ್ಷ ಲೆಕ್ಕ, ಸಮಿತಿಯ ಪಟ್ಟಿ ಹೇಗೂ ಸಲ್ಲಿಸಬೇಕು. ಆ ಲೆಕ್ಕದಲ್ಲೇ ದುರಸ್ತಿ ಖಾತೆಯನ್ನು ಪ್ರತ್ಯೇಕ ತೋರಿಸಿದರೆ ಆಯಿತು. ಹಾಗೇ ಜಾಗದ ಮೂಲ ಪತ್ರವನ್ನೂ ಸಭೆಯ ಮುಂದೆ ಓದಲಿ. ಯಾವ ಉದ್ದೇಶಕ್ಕೆ, ಯಾವ ಷರತ್ತಿನ ಮೇಲೆ ಬಂದ ಜಾಗ ಅಂತ ತಿಳಿಯದೆ ಬಿಲ್ಡರ್ ಜೊತೆ ಮಾತಿಗೆ ಕೂರುವುದು ಸರಿಯಲ್ಲ.

ಆದರೆ ದುಡ್ಡಿಗಿಂತ ದೊಡ್ಡ ಕೊರತೆ ಜನರದ್ದು. ನಮ್ಮ ಚಟುವಟಿಕೆ ಎಲ್ಲ ಮಧ್ಯಾಹ್ನ ಮೂರರಿಂದ ಐದು. ಮಂಗಳವಾರ ಲಲಿತಾ ಸಹಸ್ರನಾಮ, ಗುರುವಾರ ದೇವರನಾಮ ಕಲಿಕೆ, ಶನಿವಾರ ತಂಬೋಲಾ. ಗಂಡ ಆಫೀಸಿಗೆ, ಮಕ್ಕಳು ಸ್ಕೂಲಿಗೆ ಹೋಗಿ, ಹೆಂಗಸರು ಮನೆಯಲ್ಲಿ ಇರುತ್ತಿದ್ದ ಕಾಲಕ್ಕೆ ಇಟ್ಟ ಸಮಯ ಅದು. ಈಗ ನಮ್ಮ ಸೊಸೆಯಂದಿರು, ಹೆಣ್ಣುಮಕ್ಕಳು ಮೂರು ಗಂಟೆಗೆ ಎಲ್ಲಿರುತ್ತಾರೆ? ಸಿಲ್ಕ್ ಬೋರ್ಡ್ ಆಚೆಯ ಆಫೀಸಿನಲ್ಲಿ, ಮಾನ್ಯತಾ ಟೆಕ್ ಪಾರ್ಕಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ. "ಈಗಿನ ಹುಡುಗಿಯರಿಗೆ ಆಸಕ್ತಿ ಇಲ್ಲ" ಅಂತ ಸಭೆಯಲ್ಲಿ ಹೇಳುವುದನ್ನು ಕೇಳಿ ಕೇಳಿ ನನಗೆ ಬೇಸರವಾಗಿದೆ. ಅವರು ಮನೆಗೆ ಬರುವ ಹೊತ್ತಿಗೆ ನಾವು ಬೀಗ ಹಾಕಿರುತ್ತೇವೆ. ಆಸಕ್ತಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಹೋದ ನವರಾತ್ರಿಯಲ್ಲಿ ಗೊಂಬೆ ನೋಡಲು ಸಂಜೆ ಒಂಬತ್ತರ ತನಕ ಬಾಗಿಲು ತೆರೆದಿಟ್ಟಿದ್ದೆವು. ಜಗಲಿ ತುಂಬಿಹೋಗಿತ್ತು. ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಬಂದ ಹುಡುಗಿಯರು ನೆಲದ ಮೇಲೆ ಕೂತು ಚೌಕಾಬಾರ ಆಡಿದರು. ಒಬ್ಬಳು ನನ್ನನ್ನು ಕೇಳಿದಳು, "ಆಂಟಿ, ಇಲ್ಲಿ ದಿನಾ ಬರಬಹುದಾ? ಪಿಜಿಯಲ್ಲಿ ಮಂಚ ಬಿಟ್ಟರೆ ಕೂರೋಕೆ ಜಾಗ ಇಲ್ಲ." ಆ ಮಗು ಹಾಸನದ ಕಡೆಯವಳು. ಊರು ಬಿಟ್ಟು ಬಂದು ದುಡಿಯುವ ಹೆಣ್ಣುಮಕ್ಕಳು ಈ ಊರಲ್ಲಿ ಎಷ್ಟಿದ್ದಾರೆ! ಕಾಫಿ ಕುಡಿಯದೆ, ದುಡ್ಡು ಕೊಡದೆ, ಯಾರ ಕಣ್ಣಿಗೂ ಬೀಳದೆ ಒಂದು ಗಂಟೆ ಕೂರಲು ಅವರಿಗೆ ಜಾಗ ಎಲ್ಲಿದೆ? ಸಮಾಜ ಕಟ್ಟಿದವರು ಹುಡುಕಿದ್ದೂ ಅದನ್ನೇ. ಆಗ ಬೇಡಿದವರು ಅತ್ತೆ ಮನೆಯ ಸೊಸೆಯಂದಿರು, ಈಗ ಪಿಜಿಯ ಹುಡುಗಿಯರು.

ನಮ್ಮ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರೂ ಬರಬೇಕು. ಬಾಗಿಲಲ್ಲಿ ಚಪ್ಪಲಿ ಕಾಯುತ್ತಾ ಅಲ್ಲ, ಸದಸ್ಯರಾಗಿ. ಹೊಲಿಗೆ ತರಗತಿ ನಿಂತು ಎಷ್ಟು ಕಾಲವಾಯಿತು? ಮಿಷನ್‌ಗಳು ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿವೆ. ಬ್ಯಾಂಕ್ ಫಾರಂ ತುಂಬುವುದು, ಫೋನಿನಲ್ಲಿ ದುಡ್ಡು ಕಳಿಸುವುದು, ಮೋಸದ ಕರೆ ಗುರುತಿಸುವುದು, ಇದನ್ನೆಲ್ಲ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೇಳಿಕೊಡಬಹುದು. ನಮ್ಮಲ್ಲೇ ಬ್ಯಾಂಕಿನಿಂದ ರಿಟೈರ್ ಆದವರು ಇಲ್ವಾ?

ಹಿರಿಯರ ಸಹಸ್ರನಾಮ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಮಂಗಳವಾರ ಮಧ್ಯಾಹ್ನ ಅವರದ್ದು, ಅವರದ್ದೇ ಆಗಿರಲಿ. ಮೊಣಕಾಲು ನೋವಿಟ್ಟುಕೊಂಡು ಬರುವವರಿಗೆ ಜಗಲಿ ಮೆಟ್ಟಿಲ ಪಕ್ಕ ಒಂದು ಇಳಿಜಾರು, ಹಿಡಿದುಕೊಳ್ಳಲು ಒಂದು ಕಂಬಿ, ಒಳಗೆ ಕಾಲು ಬಿಟ್ಟು ಕೂರುವ ಶೌಚಾಲಯ ಕಟ್ಟಿಸಬೇಕು. ಹಳೇ ಕಟ್ಟಡ ಅಂದ ಮಾತ್ರಕ್ಕೆ ಇವು ಇರಬಾರದು ಅಂತೇನಿಲ್ಲ. ವೈರಿಂಗ್ ಕೂಡ ಪೂರ್ತಿ ಬದಲಾಗಲಿ. ಛಾವಣಿಯ ಒಣಗಿದ ಮರದ ತೊಲೆಗಳ ಕೆಳಗೆ ಹಳೇ ವೈರು ಇರುವುದು ಅಪಾಯ.

ಸಭೆಗೆ ನಾನು ತರುವ ನಿರ್ಣಯ ಇದು. ಬಿಲ್ಡರ್ ಪ್ರಸ್ತಾಪ ಬೇಡ. ದುರಸ್ತಿಗೆ ಬೇರೆ ಖಾತೆ. ವಾರಕ್ಕೆ ನಾಲ್ಕು ಸಂಜೆ ಆರರಿಂದ ಒಂಬತ್ತು, ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಬಾಗಿಲು ತೆರೆಯಬೇಕು. ಬೀಗದ ಕೈ ಇಟ್ಟುಕೊಳ್ಳುವ ಸರದಿಯಲ್ಲಿ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ಅನುಮೋದಿಸಲು ಒಬ್ಬರು ಸದಸ್ಯರು ಬೇಕು, ಕೈ ಎತ್ತಲು ಆದಷ್ಟು ಜನ ಬೇಕು. ಚಂದಾ ಬಾಕಿ ಇದ್ದರೆ ಈ ವಾರವೇ ಕಟ್ಟಿಬಿಡಿ, ಇಲ್ಲದಿದ್ದರೆ ಮತ ಹಾಕಲು ಬಿಡುವುದಿಲ್ಲ. ಸದಸ್ಯರಲ್ಲದವರು ಈ ಶನಿವಾರ ಬನ್ನಿ, ಹಾಲ್, ಜಗಲಿ, ಸೋರುವ ಮೂಲೆ ಎಲ್ಲ ತೋರಿಸುತ್ತೇನೆ. ಗಾರೆ ಕೆಲಸ ಗೊತ್ತಿರುವ ಮೇಸ್ತ್ರಿ ಯಾರಾದರೂ ನಿಮಗೆ ಪರಿಚಯವಿದ್ದರೆ ದಯವಿಟ್ಟು ಅವರನ್ನೂ ಕರೆದುಕೊಂಡು ಬನ್ನಿ.