ತಂತಿಯಿಲ್ಲದ ಮನೆಗೆ ಹನ್ನೊಂದು ಕಿಲೋಮೀಟರ್ ತಂತಿ

ವೈಫೈ ಅಂದರೆ ತಂತಿ ಇಲ್ಲದ್ದು ಎಂದು ಯಾರಾದರೂ ಹೇಳಿದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಕೈಗೊಂದು ಕೊಡೆ ಕೊಟ್ಟು, ಜಿಗಣೆ ಹತ್ತದಂತೆ ಕಾಲಿಗೆ ಸುಣ್ಣ ಹೊಗೆಸೊಪ್ಪು ಉಜ್ಜಿಸಿ, ತೋಟಕ್ಕೆ ಕರೆದುಕೊಂಡು ಹೋಗುತ್ತೇನೆ. ಕೊಡಗಿನ ನಾಪೋಕ್ಲಿನಿಂದ ನಮ್ಮನೆಗೆ ಹನ್ನೊಂದು ಕಿಲೋಮೀಟರ್. ಅಷ್ಟು ದೂರವೂ ಒಂದು ಕಪ್ಪು ಕೇಬಲ್ ಬರುತ್ತದೆ. ಸ್ವಲ್ಪ ದೂರ ಕರೆಂಟ್ ಕಂಬದ ಮೇಲೆ, ಸ್ವಲ್ಪ ದೂರ ಸಿಲ್ವರ್ ಓಕ್ ಮೇಲೆ, ತೋಡು ದಾಟುವಲ್ಲಿ ಒಂದು ಬಿದಿರಿನ ಮೇಲೆ. ಆಮೇಲೆ ಪಕ್ಕದ ತೋಟದವರ ಹಲಸಿನ ಮರಕ್ಕೆ ಒಂದು ಪ್ರದಕ್ಷಿಣೆ ಹಾಕಿ ನಮ್ಮ ಬಚ್ಚಲುಮನೆಯ ಹೆಂಚಿನ ಸಂದಿಯಲ್ಲಿ ತಲೆ ತೂರಿಸುತ್ತದೆ. ಅಲ್ಲಿಂದ ನಡುಮನೆಯ ಗೋಡೆಯಲ್ಲಿರುವ ವೈಫೈ ಡಬ್ಬಿಗೆ, ಅಂದರೆ ರೌಟರಿಗೆ. ಡಬ್ಬಿಯಿಂದ ಟ್ಯಾಬ್‌ವರೆಗೆ ಮಾತ್ರ ತಂತಿ ಇಲ್ಲ. ಅದು ಹದಿನೆಂಟು ಅಡಿ. ಆ ಹದಿನೆಂಟು ಅಡಿಯ ಪುಣ್ಯದಿಂದ ಇಡೀ ವ್ಯವಸ್ಥೆಗೆ ತಂತಿರಹಿತ ಎಂಬ ಬಿರುದು. ಗದ್ದೆ ಉತ್ತು, ನಾಟಿ ಮಾಡಿ, ಕೊಯ್ದು, ಬಡಿದು, ಅಕ್ಕಿ ಮಾಡಿಸಿ, ಕಡಂಬುಟ್ಟು ಬೇಯಿಸಿ, ಕೊನೆಗೆ ನುಂಗುವಾಗ ಕಷ್ಟವಾಗಲಿಲ್ಲ ಎಂದು ಅದಕ್ಕೆ ಶ್ರಮರಹಿತ ಬೇಸಾಯ ಅಂದ ಹಾಗೆ.

ಕೇಬಲ್ಲಿನ ಒಳಗಿರುವುದು ತಾಮ್ರವೂ ಅಲ್ಲ, ಕೂದಲೆಳೆಯಷ್ಟು ಸಪೂರದ ಗಾಜು. ಅದರೊಳಗೆ ಬೆಳಕು ಓಡಿ ಬರುತ್ತದೆ. ವಿಜ್ಞಾನ ದೊಡ್ಡದು, ಒಪ್ಪಿದೆ. ಆದರೆ ಕೂದಲೆಳೆಯ ಗಾಜನ್ನು ಕೊಡಗಿನ ಮರಗಳಿಗೆ ಜೋತು ಹಾಕಿ, ಪುನರ್ವಸು ಮಳೆಗೆ ಒಡ್ಡಿ, ಅಡಿಯಲ್ಲಿ ಆನೆ ಓಡಾಡಲು ಬಿಟ್ಟವರ ಧೈರ್ಯ ವಿಜ್ಞಾನಕ್ಕಿಂತ ದೊಡ್ಡದು. ಆನೆಗೆ ಬೈನೆ ಮರವೆಂದರೆ ಪ್ರಾಣ. ನಮ್ಮ ಕಡೆ ಬೈನೆ ಬಿತ್ತು ಅಂದರೆ ತಂತಿಯ ಮೇಲೆ ಬಿತ್ತು ಅಂತಲೇ ಅರ್ಥ. ಗಾಜು ಮುರಿಯಲೇಬೇಕೆಂದಿಲ್ಲ, ಸ್ವಲ್ಪ ಜಾಸ್ತಿ ಮಡಚಿಕೊಂಡರೂ ಬೆಳಕು ಅಲ್ಲೇ ಸೋರಿಹೋಗುತ್ತದೆ. ಆಗ ಡಬ್ಬಿಯಲ್ಲಿ ಎಲ್‌ಓಎಸ್ ಎಂದು ಬರೆದಿರುವ ದೀಪ ಕೆಂಪಗೆ ಮಿನುಗುತ್ತದೆ. ಬೆಳಕು ಬರುತ್ತಿಲ್ಲ ಎಂಬುದನ್ನು ಬೆಳಕಿನಲ್ಲೇ ತಿಳಿಸುವ ಏರ್ಪಾಡು. ಕರೆಂಟ್ ಇದ್ದರೆ.

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ನನ್ನ ಅವ್ವ ಬದುಕಿರುವುದು.

ಅಪ್ಪ ಸೇನೆಯಲ್ಲಿದ್ದವರು. ಕೊಡಗಿನಲ್ಲಿ ಇದು ಹೇಳಿಕೊಳ್ಳುವಂಥ ಸುದ್ದಿಯೇನಲ್ಲ. ಅವರು ಹೋದ ಮೇಲೆ ಕುಟುಂಬ ಪಿಂಚಣಿ ಅವ್ವನಿಗೆ ಬರುತ್ತದೆ. ವರ್ಷಕ್ಕೊಮ್ಮೆ ನವೆಂಬರಿನಲ್ಲಿ 'ನಾನಿನ್ನೂ ಇದ್ದೇನೆ' ಎಂದು ತಿಳಿಸಬೇಕು, ಅಷ್ಟೆ. ಹಿಂದೆ ಬ್ಯಾಂಕಿಗೆ ಹೋಗಿ ನಿಂತರೆ ಆಗುತ್ತಿತ್ತು. ಮ್ಯಾನೇಜರ್ ತಲೆಯೆತ್ತಿ ನೋಡಿ, ಆರಾಮಾ ಎಂದು ಕೇಳಿ, ಸಹಿ ಹಾಕುತ್ತಿದ್ದರು. ಆ ದಾರಿ ಈಗಲೂ ಮುಚ್ಚಿಲ್ಲ. ಆದರೆ 2014ರ ನವೆಂಬರಿನಲ್ಲಿ ಬದುಕಿರುವುದಕ್ಕೆ ಡಿಜಿಟಲ್ ಪ್ರಮಾಣಪತ್ರ ಕೊಡುವ ಜೀವನ್ ಪ್ರಮಾಣ್ ಬಂತು, 2021ರಲ್ಲಿ ಮುಖ ತೋರಿಸಿದರೂ ಸಾಕು ಎಂಬ ಸೌಕರ್ಯ ಸೇರಿತು. ಕ್ಯಾಮೆರಾ ಮುಂದೆ ಕೂತು ಕಣ್ಣು ಮಿಟುಕಿಸಬೇಕು. ಮಿಟುಕಿಸಿದರೆ ಇದ್ದೀರಿ. ಇಷ್ಟು ಸುಲಭ ಇರುವಾಗ ಈ ವಯಸ್ಸಲ್ಲಿ ಅತ್ತೆಯನ್ನು ಬಸ್ಸಿನಲ್ಲಿ ಯಾಕೆ ಕುಲುಕಾಡಿಸುತ್ತೀರಿ ಎಂದು ಬೆಂಗಳೂರಿನಲ್ಲಿರುವ ಮಾವನ ಮಗ, ತನ್ನ ಕಪಾಟಿನಲ್ಲಿ ಎರಡು ವರ್ಷದಿಂದ ಮಲಗಿದ್ದ ಟ್ಯಾಬೊಂದನ್ನು ಕೊರಿಯರ್ ಮಾಡಿದ. ಕಕ್ಕಡ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು, ಅದರ ನಟ್ಟನಡುವೆ ಬಂದು ಮುಟ್ಟಿತು. ನವೆಂಬರಿಗೆ ಇನ್ನೂ ಮೂರು ತಿಂಗಳಿದೆಯಲ್ಲ ಅಂದುಕೊಂಡೆವು. ಬುದ್ಧಿಯಿಲ್ಲದವರು.

ಚಾರ್ಜಿಗೆ ಹಾಕಿ ಗುಂಡಿ ಒತ್ತಿದರೆ ಮೂಲೆಯಲ್ಲಿ ಕಂಡ ತಾರೀಖು 1970ರ ಜನವರಿ 1. ಎರಡು ವರ್ಷ ಮಲಗಿದವನಿಗೆ ಎದ್ದ ಕೂಡಲೇ ಇವತ್ತು ಯಾವ ವಾರ ಅಂತ ಗೊತ್ತಾಗುತ್ತದಾ ಎಂದು ನಾನೂ ತಲೆಕೆಡಿಸಿಕೊಳ್ಳಲಿಲ್ಲ. ವೈಫೈ ಪಟ್ಟಿ ತೆರೆದರೆ ನಮ್ಮ ಮನೆಯದೇ ಎರಡು ಹೆಸರು. ಒಂದು ಬರಿಯ ಹೆಸರು, ಇನ್ನೊಂದಕ್ಕೆ 5ಜಿ ಎಂಬ ಬಾಲ. ಜಗಲಿಯಲ್ಲಿ ಕೂತು ಬೀಡಿ ಸೇದುತ್ತಿದ್ದ ಪಕ್ಕದ ಮನೆಯಣ್ಣ ಇಣುಕಿ ನೋಡಿ, "ಓ, ನಿಮ್ಮನೆಗೆ 5ಜಿ ಬಂತಾ!" ಅಂದರು. ಮರುದಿನ ಬೆಳಿಗ್ಗೆ ನಾಲ್ಕು ಜನ ಫೋನ್ ಮೇಲೆತ್ತಿಕೊಂಡು ನಮ್ಮ ಅಂಗಳದಲ್ಲಿ ನಿಂತಿದ್ದರು. ದೇಶದಲ್ಲಿ 5ಜಿ ಮೊಬೈಲ್ ಸೇವೆ ಶುರುವಾದದ್ದು 2022ರ ಅಕ್ಟೋಬರ್ 1ಕ್ಕೆ. ನಮ್ಮೂರಿನ 2ಜಿ ಇನ್ನೂ ದಾರಿಯಲ್ಲಿದೆ. ಈ ಡಬ್ಬಿಯ 5ಜಿ ಅಂದರೆ ಐದು ಗಿಗಾಹರ್ಟ್ಸಿನ ರೇಡಿಯೋ ಅಲೆ, ಟವರಿಗೂ ಅದಕ್ಕೂ ನಂಟಿಲ್ಲ, ಅದು ಓಟಗಾರ ಆದರೆ ಗೋಡೆ ಕಂಡರೆ ಸುಸ್ತು, ಇನ್ನೊಂದು 2.4 ಗಿಗಾಹರ್ಟ್ಸ್, ನಿಧಾನ ಆದರೆ ಗೋಡೆ ದಾಟುತ್ತದೆ ಎಂದು ಬಿಡಿಸಿ ಹೇಳಿದೆ. ಅಣ್ಣ ಪೂರ್ತಿ ಕೇಳಿ, "ಹಾಗಾದ್ರೆ 2.4ಜಿ ಬಂದಿದೆ ಅನ್ನಿ" ಅಂದು ಬೀಡಿ ಆರಿಸಿದರು. ನಮ್ಮದು ಅಜ್ಜನ ಕಾಲದ ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಅವ್ವ ಕೂರುವ ಒಳಕೋಣೆಗೆ ಐದು ಗಿಗಾಹರ್ಟ್ಸ್ ಬರುವುದು ಹೊಸ ಅಳಿಯ ಅಡುಗೆಮನೆಗೆ ಬರುವ ಹಾಗೆ. ಹೊಸ್ತಿಲಲ್ಲೇ ನಿಲ್ಲುತ್ತದೆ.

ಪಾಸ್‌ವರ್ಡ್ ಇರುವುದು ಡಬ್ಬಿಯ ತಳದ ಚೀಟಿಯಲ್ಲಿ, ಅಕ್ಕಿನುಚ್ಚಿಗಿಂತ ಸಣ್ಣ ಅಕ್ಷರದಲ್ಲಿ. ಡಬ್ಬಿಯನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ್ದರಿಂದ ತಳ ನೋಡಬೇಕಾದರೆ ನೆಲದ ಮೇಲೆ ಅಂಗಾತ ಮಲಗಬೇಕು. ನಾನು ಮಲಗಿ ಟಾರ್ಚ್ ಬಿಟ್ಟು ಓದಿದೆ, ಅವ್ವ ಬರೆದುಕೊಂಡಳು. ಬರೆದದ್ದು ತನ್ನ ಮಳೆ ಪುಸ್ತಕದಲ್ಲಿ. ಕಾಫಿ ತೋಟವಿದ್ದ ಮನೆಯಲ್ಲಿ ಮಳೆ ಪುಸ್ತಕ ಇರಲೇಬೇಕು. ಬೆಳಿಗ್ಗೆ ಮಳೆಮಾಪಕದ ನೀರು ಅಳೆದು ಇಂಚು ಸೆಂಟಿನಲ್ಲಿ ಬರೆಯುವುದು, ನೂರು ಸೆಂಟಿಗೆ ಒಂದು ಇಂಚು. ಮಿಲಿಮೀಟರ್ ಏನಿದ್ದರೂ ರೇಡಿಯೋದವರಿಗೆ. ಆ ದಿನದ ಸಾಲಿನಲ್ಲಿ '3 ಇಂಚು 40 ಸೆಂಟ್' ಎಂದಿದೆ, ಅದರ ಪಕ್ಕದಲ್ಲೇ ಅವ್ವನ ದುಂಡು ಅಕ್ಷರದಲ್ಲಿ: 'ದೊಡ್ಡ ಕೆ. ಸಣ್ಣ ಎಕ್ಸ್. 7. ಸೊನ್ನೆಯೋ ಓವೋ. ಕೋಲು, ಒಂದೋ ಎಲ್ಲೋ ಗೊತ್ತಿಲ್ಲ.' ಮುಂದೆ ಇನ್ನೂ ಐದಾರು ಅಕ್ಷರ, ಅದರಲ್ಲೂ ಒಂದು ಕೋಲು. ಮೂರು ಕಡೆ ಅನುಮಾನ, ಒಂದೊಂದಕ್ಕೆ ಎರಡು ದಾರಿ, ಒಟ್ಟು ಎಂಟು ಬಗೆ. ಆರನೆಯದಕ್ಕೆ ಬಾಗಿಲು ತೆರೆಯಿತು. ಅವ್ವ ಸೊನ್ನೆಯ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ವೃತ್ತ ಎಳೆದಳು. ಈಗ ಅದು ಇನ್ನೂ ದೊಡ್ಡ ಸೊನ್ನೆಯಾಗಿ ಕಾಣುತ್ತದೆ.

ಬಾಗಿಲು ತೆರೆದ ಮೇಲೆ ಟ್ಯಾಬ್ ಹೇಳಿದ ಮೊದಲ ಮಾತು: 'ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ.' ನಲ್ಲಿ ಇದೆ, ನೀರು ಇಲ್ಲ. ಬಸ್‌ಸ್ಟ್ಯಾಂಡ್ ಇದೆ, ಬಸ್ಸು ಇಲ್ಲ. ಆಡಳಿತದ ಸಾರವನ್ನು ಇಷ್ಟು ಚೊಕ್ಕವಾಗಿ ಬರೆದವನು ಯಾವ ದೇಶದ ಇಂಜಿನಿಯರೋ, ನಮ್ಮ ತಾಲೂಕಿನಲ್ಲಿ ಸ್ವಲ್ಪ ದಿನ ಇದ್ದು ಹೋಗಿರಬೇಕು. ಅದೇ ವೈಫೈಯಲ್ಲಿ ನನ್ನ ಫೋನ್ ಓಡುತ್ತಿದೆ, ಟ್ಯಾಬ್ ಮಾತ್ರ ಒಲ್ಲೆ ಅನ್ನುತ್ತದೆ. ಎರಡು ದಿನ ಆರಿಸಿದೆ, ಹಚ್ಚಿದೆ, ಮರೆತೆ, ಮತ್ತೆ ಸೇರಿಸಿದೆ. ಮೂರನೇ ದಿನ ಹೊಳೆಯಿತು, ಎಲ್ಲಾ ಆ ತಾರೀಖಿನ ಆಟ. ಅಂತರ್ಜಾಲದ ಪ್ರತಿ ತಾಣಕ್ಕೂ ಒಂದು ಭದ್ರತಾ ಪ್ರಮಾಣಪತ್ರ, ಅದಕ್ಕೊಂದು ಆರಂಭದ ದಿನ, ಒಂದು ಮುಗಿಯುವ ದಿನ ಇರುತ್ತದೆ. 1970ರಲ್ಲಿ ಕೂತ ಟ್ಯಾಬಿನ ಲೆಕ್ಕದಲ್ಲಿ ಅದ್ಯಾವುದೂ ಇನ್ನೂ ಹುಟ್ಟಿಲ್ಲ, ಹಾಗಾಗಿ ಎಲ್ಲವೂ ಸುಳ್ಳು. ತಾರೀಖನ್ನು ತಾನಾಗಿಯೇ ಸರಿಮಾಡಿಕೊಳ್ಳುವ ಸ್ವಿಚ್ಚನ್ನು ಮಾವನ ಮಗ ಯಾವ ಕಾಲದಲ್ಲೋ ಆರಿಸಿಟ್ಟಿದ್ದ. ಅವ್ವನಿಗೆ ವಿವರಿಸಿದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿ ಅಂದಳು: "ಆಗ ನನಗೆ ಮದುವೆಯೇ ಆಗಿರಲಿಲ್ಲ. ಗಂಡನ ಪೆನ್ಶನ್ ಕೇಳಿದರೆ ಹೇಗೆ ಕೊಡ್ತಾರೆ?"

ಯಂತ್ರದ ಪರವಾಗಿ ಇಷ್ಟು ನ್ಯಾಯವಾದ ಮಾತನ್ನು ಯಾವ ಕಸ್ಟಮರ್ ಕೇರೂ ಆಡಿಲ್ಲ.

ಗೋಡೆ ಕ್ಯಾಲೆಂಡರ್ ನೋಡಿ ತಾರೀಖು ಹಾಕಿದೆ. ಟ್ಯಾಬ್ ಐವತ್ತು ಚಿಲ್ಲರೆ ವರ್ಷ ಒಂದೇ ನೆಗೆತಕ್ಕೆ ದಾಟಿ ಇಂಟರ್ನೆಟ್ ಹಿಡಿಯಿತು. ಅದೇ ಸಂಜೆ ಬೈನೆ ಬಿತ್ತು.

ಇನ್ನು ದೂರು. ನೆಟ್ ಇಲ್ಲ ಎಂದು ದೂರಲು ಫೋನ್ ಬೇಕು, ಫೋನ್ ಮಾಡಲು ಕಾಫಿ ಕಣದ ಆಚೆ ಮೂಲೆಯ ಅತ್ತಿ ಮರದ ಬುಡಕ್ಕೆ ಹೋಗಬೇಕು. ಅಲ್ಲಿ ಎರಡು ಕಡ್ಡಿ ಬರುತ್ತದೆ. ಬೇರಿನ ಮೇಲೆ ಹತ್ತಿ ನಿಂತರೆ ಎರಡೂವರೆ. ಒಂಬತ್ತು ಒತ್ತಿ, ಎರಡು ಒತ್ತಿ, ವೀಣೆಯ ಸಂಗೀತ ಕೇಳಿ, ಕೊನೆಗೆ ಸಿಕ್ಕ ಹುಡುಗಿ ಬಹಳ ಮರ್ಯಾದೆಯಿಂದ ಕೇಳಿದಳು: "ಸರ್, ರೌಟರ್‌ನಲ್ಲಿ ಕೆಂಪು ಲೈಟ್ ಮಿನುಗ್ತಾ ಇದೆಯಾ ನೋಡಿ ಹೇಳ್ತೀರಾ?" ರೌಟರ್ ಮನೆಯಲ್ಲಿದೆ. ಮನೆಗೆ ಹೋದರೆ ಕರೆ ಕಟ್. ಮರಕ್ಕೆ ವಾಪಸು ಬಂದರೆ ಬೇರೆ ಹುಡುಗಿ, ಅದೇ ಪ್ರಶ್ನೆ. ಮೂರನೇ ಸಲ ಏರ್ಪಾಡು ಮಾಡಿಕೊಂಡೇ ಹೋದೆ. ನಾನು ಅತ್ತಿ ಮರದಲ್ಲಿ, ಮಗ ಕಣದ ನಡುವೆ ಕೊಡೆ ಹಿಡಿದು, ಹೆಂಡತಿ ಜಗಲಿಯಲ್ಲಿ, ಅವ್ವ ಡಬ್ಬಿಯ ಮುಂದೆ. "ಕೆಂಪಾ?" ಎಂದು ನಾನು ಕೂಗಿದೆ. ಕೆಂಪಾ, ಕೆಂಪಾ ಎಂದು ಮಾತು ಕೈದಾಟಿ ಒಳಗೆ ಹೋಯಿತು. "ಕೆಂಪೇ, ಆದರೆ ಸ್ವಲ್ಪ ಕುಂಕುಮದ ಹಾಗೆ" ಎಂದು ಅವ್ವನ ಉತ್ತರ ವಾಪಸು ಬರುವಷ್ಟರಲ್ಲಿ "ಕುಂಕುಮ ಇದೆ" ಅಂತಷ್ಟೇ ಉಳಿದಿತ್ತು. ನಮ್ಮ ಮನೆಯಲ್ಲಿ ನಿಜವಾಗಿ ತಂತಿಯಿಲ್ಲದ ಸಂಪರ್ಕ ಅಂತ ಒಂದಿದ್ದರೆ ಇದೇ.

"ತೊಂದರೆ ಏನಿಲ್ಲ ಸರ್, ಕೇಬಲ್ ಬಿದ್ದಿರುವ ಫೋಟೋ ತೆಗೆದು ನಮ್ಮ ಆ್ಯಪ್‌ನಲ್ಲಿ ಅಪ್‌ಲೋಡ್ ಮಾಡಿ." ಅದಕ್ಕೆ ನೆಟ್ ಬೇಕಲ್ಲಮ್ಮ ಅಂದೆ. "ವೈಫೈ ಬಳಸಿ ಸರ್." ನಾಲ್ಕನೇ ದಿನ ಅತ್ತಿ ಮರದಲ್ಲಿ ಮೆಸೇಜು ಬಂತು, ನಿಮ್ಮ ದೂರು ಬಗೆಹರಿದಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು. ಕೇಬಲ್ ಬೈನೆಯ ಅಡಿಯಲ್ಲೇ ಇತ್ತು. ಕಕ್ಕಡದ ಮೋಡದಲ್ಲಿ ನಮಗೆ ನಕ್ಷತ್ರ ಎಲ್ಲಿ ಕಾಣಬೇಕು?

ರಿಪೇರಿಗೆ ಬಂದ ಹುಡುಗನ ಬಗ್ಗೆ ನನ್ನ ತಕರಾರಿಲ್ಲ. ಬೈಕಿನಲ್ಲಿ ಬಂದ, ಪ್ಲಾಸ್ಟಿಕ್ ಹಾಳೆಯ ಅಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಕಾಲಿಗೆ ಜಿಗಣೆ ಹತ್ತಿಸಿಕೊಂಡೇ ಎರಡು ಗಾಜಿನೆಳೆಗಳ ತುದಿ ಒರೆಸಿ, ಯಂತ್ರದಲ್ಲಿಟ್ಟು ಕರಗಿಸಿ ಬೆಸೆದ. ಅಕ್ಕಸಾಲಿಯ ಕೆಲಸ. ಮುಗಿಸಿ ಎದ್ದವನು ಕೇಳಿದ್ದು: "ಅಣ್ಣ, ನಾನು ಬಂದೆ ಅಂತ ಆ್ಯಪ್‌ನಲ್ಲಿ ಹಾಕಬೇಕು, ನೆಟ್ ಎಲ್ಲಿ ಸಿಗ್ತದೆ?" ಅತ್ತಿ ಮರ ತೋರಿಸಿದೆ.

ಇಲ್ಲಿ ಒಂದು ಮಾತು. ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಕೋವಿಯ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಬ್ರಿಟಿಷರ ಕಾಲದ್ದು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ವೈಫೈಯ 2.4 ಗಿಗಾಹರ್ಟ್ಸಿಗೂ ಲೈಸೆನ್ಸ್ ಬೇಡ ಎಂದು 2005ರಲ್ಲೇ ನಿಯಮ ಬಂದಿದೆ. ಅಂದರೆ ಈ ಜಿಲ್ಲೆಯಲ್ಲಿ ಗುಂಡು ಹಾರಿಸುವುದಕ್ಕೂ ಅಲೆ ಹಾರಿಸುವುದಕ್ಕೂ ಸರ್ಕಾರ ನಮ್ಮನ್ನು ನಂಬಿದೆ. ನಂಬದೇ ಇರುವುದು ಒಂದನ್ನೇ, ಮನೆಯೊಳಗೆ ಕಣ್ಣೆದುರು ಕೂತು ಕಾಫಿ ಕುಡಿಯುತ್ತಿರುವ ಮುದುಕಿ ಬದುಕಿದ್ದಾಳೆ ಎಂಬುದನ್ನು.

ಇದು ನಮ್ಮೊಬ್ಬರ ಮನೆಯ ಗೋಳೂ ಅಲ್ಲ. 2021ರಲ್ಲಿ ಸೋಮವಾರಪೇಟೆ ತಾಲೂಕಿನ ಮುಳ್ಳೂರಿನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಅಲ್ಲಿಂದ ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಿದರು. ಫೋಟೋ ಎಲ್ಲ ಕಡೆ ಬಂತು, ಮೇಷ್ಟ್ರನ್ನು ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ. ಮರವನ್ನು ಮಾತ್ರ ಯಾರೂ ಹೊಗಳಲಿಲ್ಲ. ಟವರಿನ ಕೆಲಸ ಮಾಡಿದ್ದು ಅದು.

ಹೋಂಸ್ಟೇಯವರು ನಮಗಿಂತ ಜಾಣರು. ಬೇಸಿಗೆಯಲ್ಲಿ ಗೇಟಿಗೆ 'ಉಚಿತ ವೈಫೈ' ಬೋರ್ಡು ನೇತುಹಾಕುತ್ತಾರೆ. ಬರುವ ಅತಿಥಿಗಳೂ ಹಾಗೇ, ಕಾರಿನಿಂದ ಒಂದು ಕಾಲು ಕೆಳಗಿಡುವ ಮೊದಲೇ ಪಾಸ್‌ವರ್ಡ್ ಕೇಳುತ್ತಾರೆ, ಬಚ್ಚಲು ಎಲ್ಲಿ ಅಂತ ಆಮೇಲೆ. ಮಳೆ ಶುರುವಾಗಿ ಕೇಬಲ್ ಬಿದ್ದ ಕೂಡಲೇ ಬೋರ್ಡು ಬದಲು: 'ಡಿಜಿಟಲ್ ಡಿಟಾಕ್ಸ್, ನಿಸರ್ಗದ ಮಡಿಲಲ್ಲಿ.' ದರ ಸ್ವಲ್ಪ ಜಾಸ್ತಿ. ನೆಟ್ ಇಲ್ಲದ ಎರಡು ದಿನಕ್ಕೆ ಬೆಂಗಳೂರಿನವರು ಕೊಡುವ ದುಡ್ಡು ಕೇಳಿದರೆ, ಇಷ್ಟು ವರ್ಷ ಅದನ್ನು ಬಿಟ್ಟಿಯಾಗಿ ಅನುಭವಿಸಿದ್ದಕ್ಕೆ ನಮಗೇ ನಾಚಿಕೆಯಾಗಬೇಕು.

ಅಂತೂ ನವೆಂಬರ್ ಬಂತು. ತಲಕಾವೇರಿಯಲ್ಲಿ ತೀರ್ಥೋದ್ಭವ ಹೇಳಿದ ಗಳಿಗೆಗೆ ಆಗಿ ಮುಗಿದಿತ್ತು, ಕಾಫಿ ಹಣ್ಣಾಗತೊಡಗಿತ್ತು, ಡಬ್ಬಿಯಲ್ಲಿ ಹಸಿರು ದೀಪವೂ ಉದ್ಭವವಾಗಿತ್ತು. ಅವ್ವನಿಗೆ ಒಳ್ಳೆಯ ಸೀರೆ ಉಡಿಸಿ ಕೂರಿಸಿದೆವು. ಆ್ಯಪ್ ಕೇಳಿದ್ದು ಮೊದಲು ಮುಖವನ್ನಲ್ಲ, ಒಟಿಪಿ. ಒಟಿಪಿ ಬರುವುದು ಫೋನಿಗೆ, ಫೋನಿಗೆ ಸಿಗ್ನಲ್ ಬರುವುದು ಅತ್ತಿ ಮರಕ್ಕೆ, ವೈಫೈ ಅತ್ತಿ ಮರಕ್ಕೆ ಮುಟ್ಟುವುದಿಲ್ಲ. ಮಗ ಶಾಲೆಯಲ್ಲಿ ನೂರು ಮೀಟರ್ ಓಟಗಾರ. ಕಣದಲ್ಲಿ ಹಣ್ಣು ಹರವಿದ್ದರಿಂದ ಸುತ್ತಿಕೊಂಡು ಓಡಬೇಕು. ಆರು ಅಂಕಿ ಬಾಯಲ್ಲಿ ಜಪಿಸುತ್ತಾ ಬಂದವನು ಜಗಲಿಯಲ್ಲಿ ನಾಯಿಗೆ ಎಡವಿ ಎರಡನ್ನು ಅಲ್ಲೇ ಚೆಲ್ಲಿದ. ಮತ್ತೆ ಓಡಿದ. ಈ ಸಲ ಅಂಕಿ ಸರಿಯಿತ್ತು, ಸಮಯ ಮೀರಿತ್ತು. ಅವ್ವ ಅಷ್ಟು ಹೊತ್ತೂ ಕ್ಯಾಮೆರಾಗೆ ನೆಟ್ಟಗೆ ಕೂತು ಕಣ್ಣು ಮಿಟುಕಿಸುತ್ತಲೇ ಇದ್ದಳು.

ಮರುದಿನ ಅಂಚೆಯಣ್ಣ ಬಂದರು. 2020ರಿಂದ ಪಿಂಚಣಿದಾರರ ಮನೆಬಾಗಿಲಿಗೇ ಬಂದು ಈ ಪ್ರಮಾಣಪತ್ರ ಮಾಡಿಕೊಡುವ ಏರ್ಪಾಡಿದೆ. ಅದು ನಮಗೆ ಗೊತ್ತಿರಲಿಲ್ಲ, ಅವರೇ ಹೇಳಿದರು. ವಾರಕ್ಕೊಂದು ಸಲವಾದರೂ ಅವ್ವನನ್ನು ನೋಡುವ ಮನುಷ್ಯ. ಅಪ್ಪನ ಕಾಗದ ಬರುತ್ತಿದ್ದ ಕಾಲದಿಂದ ಈ ಮನೆಯ ಮೆಟ್ಟಿಲು ಹತ್ತಿದವರು. ಅವ್ವ ಕೊಟ್ಟ ಕಾಫಿ ಕುಡಿದು, "ಹೋದ ವರ್ಷಕ್ಕಿಂತ ಗಟ್ಟಿಮುಟ್ಟಾಗಿದ್ದೀರಿ ಅಮ್ಮ" ಎಂದು ಬಾಯಿ ತುಂಬ ಹೇಳಿ, ಲೋಟ ಕೆಳಗಿಟ್ಟು, ಚೀಲದಿಂದ ಫೋನ್ ತೆಗೆದರು. ಕೈ ಮೇಲೆತ್ತಿ ಹಿಡಿದರು. ಕಿಟಕಿ ಹತ್ತಿರ ಹೋದರು. ಜಗಲಿಗೆ ಹೋಗಿ ನಾಲ್ಕೂ ದಿಕ್ಕಿಗೆ ತಿರುಗಿ ವಾಪಸು ಬಂದರು.

"ಅಮ್ಮ, ನಿಮ್ಮ ವೈಫೈ ಪಾಸ್‌ವರ್ಡ್ ಎಂಥ?"

ಅವ್ವ ಕನ್ನಡಕ ಹಾಕಿಕೊಂಡು ಮಳೆ ಪುಸ್ತಕ ತೆರೆದಳು. ಕಕ್ಕಡದ ಪುಟಕ್ಕೆ ಬೆರಳಿಟ್ಟು, ಸಾಲಿನ ಶುರುವಿನಿಂದಲೇ ಬಿಡಿಬಿಡಿಯಾಗಿ ಓದತೊಡಗಿದಳು. "ಮೂರು ಇಂಚು, ನಲವತ್ತು ಸೆಂಟು..."

ಅಂಚೆಯಣ್ಣ ಮೂರು ಒತ್ತಿ, ತಲೆಯೆತ್ತಿ, ಇಂಚಿನ ಐ ದೊಡ್ಡದೋ ಸಣ್ಣದೋ ಎಂದು ಕೇಳಿದರು.